ಹೆಸ್ಟರಳ ಹನ್ನೊಂದು ಮಾತು

ಕಳೆದ ತಿಂಗಳು ಗೆಳತಿಯ ಮಗಳ ಭರತನಾಟ್ಯ ಇದೆಯೆಂದು ನಗೋಯಾದಿಂದ ಟೋಕಿಯೋಗೆ ಹೋಗಿದ್ದೆ. ಕಾರ್ಯಕ್ರಮ ಇದ್ದದ್ದು ಎಡೋಗಾವಾದ ಹಳೆಯ ಸಮುದಾಯ ಭವನದಲ್ಲಿ. ಹುಡುಗಿಗೆ ಜಡೆ ಹಾಕಲು ಬಾ ಎಂದು ಗೆಳತಿ ವೇದಿಕೆಯ ಹಿಂದಿನ ಕೋಣೆಗೆ ಕರೆದಳು. ಬಾಗಿಲು ತಳ್ಳಿದೆ. ನೆಲಕ್ಕೆ ತಿಕ್ಕಿದ ಮೇಣದ ವಾಸನೆ, ಅದರ ಜೊತೆಗೆ ಮಡಿಸಿಟ್ಟ ಪರದೆಗಳ ಮುಗ್ಗಲು ವಾಸನೆ. ಹೂವಿನ ಪೊಟ್ಟಣವನ್ನು ಗೆಳತಿಯ ಕೈಗೆ ಕೊಟ್ಟು, ನೀರು ತರುತ್ತೇನೆಂದು ನೆವ ಹೇಳಿ ಹೊರಗೆ ಬಂದುಬಿಟ್ಟೆ. ಎದುರಿನ ಕೊಂಬಿನಿ ಅಂಗಡಿಯ ಮುಂದೆ ಸುಮಾರು ಹೊತ್ತು ನಿಂತಿದ್ದೆ. ನಾಲ್ಕು ವರ್ಷದ ಹಿಂದೆ ಅದೇ ಕೋಣೆಯಲ್ಲಿ ನಾನು ಹೆಸ್ಟರ್ ಎಂಬ ಗೆಳತಿಯನ್ನು ಕಳೆದುಕೊಂಡೆ. ಯಾರಿಗೂ ಇದನ್ನು ನೆಟ್ಟಗೆ ಹೇಳಿಲ್ಲ.

ಆಗ ನಾವು ಟೋಕಿಯೋದ ನಿಶಿ ಕಸಾಯಿಯಲ್ಲಿದ್ದೆವು. ನನ್ನ ಗಂಡ ರವೀಂದ್ರ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಿಂದ ಬಂದವರು. ನಾನು ಹತ್ತಿರದ ಒಂದು ಭಾರತೀಯ ಶಾಲೆಯಲ್ಲಿ ಮೂರನೇ ತರಗತಿಗೆ ಪಾಠ ಹೇಳುತ್ತಿದ್ದೆ. ಹೆಸ್ಟರ್ ಅದೇ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದಳು. ದಕ್ಷಿಣ ಆಫ್ರಿಕಾದವಳು, ಐವತ್ತು ದಾಟಿದ ಒಂಟಿ ಹೆಂಗಸು. ಎತ್ತರದ ಆಳು; ಪುಟ್ಟ ಮಕ್ಕಳ ಜೊತೆ ಮಾತಾಡಿ ಮಾತಾಡಿಯೋ ಏನೋ ಕುತ್ತಿಗೆ ಸದಾ ಸ್ವಲ್ಪ ಬಾಗಿರುತ್ತಿತ್ತು. ಮೂರು ವರ್ಷ ಒಂದೇ ಸ್ಟಾಫ್ ರೂಮಿನಲ್ಲಿ ಕೂತಿದ್ದರೂ ನಮ್ಮ ನಡುವೆ ಗುಡ್ ಮಾರ್ನಿಂಗ್, ಪ್ರಿಂಟರಿನಲ್ಲಿ ಕಾಗದ ಮುಗಿದಿದೆ, ಇಷ್ಟೇ ಮಾತು.

ಆ ವರ್ಷ ಜೂನಿನ ಮಳೆ ಬಿಡದೆ ಹಿಡಿದಿತ್ತು. ಒಂದು ಮಧ್ಯಾಹ್ನ ಗಾಳಿ ಜೋರಾಗಿ ತೋಜೈ ಲೈನಿನ ರೈಲು ನಿಂತುಹೋಯಿತು. ಅಪ್ಪ ಅಮ್ಮಂದಿರು ಬಂದು ಕರೆದೊಯ್ಯುವವರೆಗೆ ಮಕ್ಕಳನ್ನು ನೋಡಿಕೊಳ್ಳಲು ನಾವಿಬ್ಬರು ಉಳಿದೆವು. ಹುಡುಗರನ್ನು ಸುಮ್ಮನಿರಿಸಬೇಕೆಂದು ಹೆಸ್ಟರ್ ಒಂದು ಆಟ ಹೂಡಿದಳು. ಕಿವಿ ಕೇಳದವಳ ಹಾಗೆ ನಟಿಸುತ್ತ, ಯಾರು ಏನು ಕೇಳಿದರೂ ಬೇರೇನೋ ಉತ್ತರ ಕೊಡುತ್ತ ಹೋದಳು. "ಮ್ಯಾಮ್, ನೀರು ಕುಡಿಯಲಾ?" ಎಂದರೆ "ಹೌದು, ನನ್ನ ನಾಯಿ ಭಾರಿ ಜಾಣ" ಎನ್ನುತ್ತಿದ್ದಳು. ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಎಲ್ಲರೂ ಹೋದ ಮೇಲೆ, ಇದನ್ನು ಎಲ್ಲಿ ಕಲಿತೆ ಎಂದು ಕೇಳಿದೆ. ಅಮ್ಮನಿಂದ, ಎಂದಳು.

ಆಕೆಯ ಅಮ್ಮ ನಾಟಕ ಕಂಪನಿಯ ನಟಿ. ವಿಮಾನಗಳು ನಿಂತುಹೋಗಿದ್ದ ಆ ಕಾಯಿಲೆಯ ಕಾಲದಲ್ಲಿ ತೀರಿಕೊಂಡಿದ್ದರು. ಹೆಸ್ಟರ್ ಹೋಗಲಾಗದೆ, ತನ್ನ ಅಪಾರ್ಟ್‌ಮೆಂಟಿನ ಅಡುಗೆಮನೆಯಲ್ಲಿ ಕೂತು ಫೋನಿನಲ್ಲಿ ಅಮ್ಮನ ಮಣ್ಣು ನೋಡಿದ್ದಳು. ಆಮೇಲೆ ಅಣ್ಣ ಒಂದು ಪಾರ್ಸೆಲ್ ಕಳಿಸಿದ್ದ. ಅದರಲ್ಲಿ ಇದ್ದದ್ದು ಒಂದೇ ಒಂದು ಪುಸ್ತಕ, ಅಮ್ಮ ಆಡುತ್ತಿದ್ದ ನಾಟಕದ ಪ್ರತಿ.

ಮರುದಿನ ಅದನ್ನು ತಂದು ತೋರಿಸಿದಳು. ಅದು ಮೂಲದಲ್ಲಿ ಹಳೆಯ ಫ್ರೆಂಚ್ ಪ್ರಹಸನ, ಬರೆದವನ ಹೆಸರನ್ನು ಅವನ ಊರಿನವರೂ ಮರೆತಿದ್ದಾರಂತೆ. ಪುಸ್ತಕ ಇದ್ದದ್ದು ಆಫ್ರಿಕಾನ್ಸ್ ಭಾಷೆಯಲ್ಲಿ, ಹೆಸ್ಟರಳ ಮನೆಮಾತಿನಲ್ಲಿ. ಕತೆ ಸರಳ. ಲಿಯೋನ್ ಪಟ್ಟಣದ ರೇಷ್ಮೆ ವ್ಯಾಪಾರಿಯೊಬ್ಬ, ಹೆಂಡತಿ ಸತ್ತವನು, ಒಂದು ಬೆಳಿಗ್ಗೆ ತನಗೆ ಕಿವಿ ಕೇಳುವುದಿಲ್ಲವೆಂದು ಸಾರುತ್ತಾನೆ. ತನ್ನ ಬೆನ್ನ ಹಿಂದೆ ಮನೆಯವರು ಏನು ಮಾತಾಡುತ್ತಾರೆಂದು ತಿಳಿಯುವ ಹುನ್ನಾರ. ಮಗಳು, ಅಳಿಯನಾಗಲಿರುವವನು, ಗುಮಾಸ್ತ, ಕೊನೆಗೆ ಮನೆಗೆ ಬರುವ ಡಾಕ್ಟರು ಕೂಡ ಅವನ ಎದುರಿಗೇ ಅವನನ್ನು ಬಾಯಿಗೆ ಬಂದಂತೆ ಬೈಯುತ್ತಾರೆ. ಕೇಳಿಯೂ ಕೇಳದವನಂತೆ ಇರಬೇಕಾದ ಅವನ ಪಾಡೇ ನಗು. ಕೊನೆಯಲ್ಲಿ ಹಳ್ಳಿಯಿಂದ ಅವನ ಅಕ್ಕ ಬರುತ್ತಾಳೆ. ಆಕೆಗೆ ನಿಜವಾಗಿಯೂ ಕಿವಿ ಕೇಳುವುದಿಲ್ಲ. ತಮ್ಮ ತನ್ನ ಮೋಸವನ್ನೆಲ್ಲ ಆಕೆಯ ಮುಂದೆ ಒಪ್ಪಿಕೊಳ್ಳುತ್ತಾನೆ, ಆಕೆಗೆ ಒಂದಕ್ಷರವೂ ಕೇಳಿಸುವುದಿಲ್ಲ. ಅಕ್ಕನಿಗೆ ಇರುವುದು ಹನ್ನೊಂದೇ ಮಾತು.

ಆ ಹನ್ನೊಂದು ಮಾತನ್ನು ಹೆಸ್ಟರಳ ಅಮ್ಮ ಇಪ್ಪತ್ತೆಂಟನೇ ವಯಸ್ಸಿನಿಂದ ಆಡಿದ್ದರು. ಮೊದಮೊದಲು ಮುಖಕ್ಕೆ ಸುಕ್ಕು ಬರೆದುಕೊಂಡು, ಕೂದಲಿಗೆ ಹಿಟ್ಟು ಹಚ್ಚಿಕೊಂಡು. ಕೊನೆಕೊನೆಗೆ ಬಣ್ಣವೇ ಬೇಕಾಗಲಿಲ್ಲ.

ಪುಸ್ತಕದ ಹಿಂದಿನ ಖಾಲಿ ಹಾಳೆಗಳಲ್ಲಿ ಅಮ್ಮ ಪೆನ್ಸಿಲಿನಲ್ಲಿ ನಾಟಕ ಆದ ಊರುಗಳನ್ನೂ ಆಡಿದವರ ಹೆಸರುಗಳನ್ನೂ ಬರೆದಿಟ್ಟಿದ್ದರು. ಹೆಸ್ಟರ್ ಬೆರಳಿಟ್ಟು ಒಂದೊಂದನ್ನೇ ಹೇಳಿದಳು. ಅನುವಾದ ಮಾಡಿದ್ದು ಒಣ ಸೀಮೆಯ ಒಬ್ಬ ಶಾಲಾಮಾಸ್ತರು. ಅಲ್ಲಿ ರೇಷ್ಮೆ ಕಂಡವರಿಲ್ಲ, ಹಾಗಾಗಿ ಸಾಹುಕಾರನನ್ನು ಕುರಿ ಉಣ್ಣೆಯ ವ್ಯಾಪಾರಿ ಮಾಡಿದರು. ಮೊದಲ ಪ್ರಯೋಗ ಊರಿನ ಪುರಭವನದಲ್ಲಿ ನಡೆದು ಬಿದ್ದೇಹೋಯಿತು. ಊರಿನ ಪಾದ್ರಿ, ಸುಳ್ಳು ಹೇಳುವ ಮುದುಕನನ್ನು ನೋಡಿ ನಗುವುದೇನು ಎಂದು ನಡುವೆಯೇ ಎದ್ದು ಹೋದರಂತೆ, ಅವರ ಹಿಂದೆ ಅರ್ಧ ಸಭೆ. ಎಷ್ಟೋ ವರ್ಷದ ಮೇಲೆ ಒಂದು ಸಂಚಾರಿ ಕಂಪನಿ ಅದನ್ನು ಎತ್ತಿಕೊಂಡಿತು. ಲಾರಿಯಲ್ಲಿ ಪರದೆ ಹೇರಿಕೊಂಡು ಊರೂರು ತಿರುಗಿತು. ಶಾಲೆಗಳಲ್ಲಿ, ಉಣ್ಣೆ ಕತ್ತರಿಸುವ ಶೆಡ್ಡುಗಳಲ್ಲಿ ಆಡಿದರು. ಟಿವಿ ಬಂದ ಮೇಲೆ ಕಂಪನಿ ಮುಚ್ಚಿತು. ಪಟ್ಟಿಯ ಕೊನೆಯಲ್ಲಿದ್ದದ್ದು ಒಂದು ವೃದ್ಧಾಶ್ರಮದ ಊಟದ ಮನೆ. ಅಲ್ಲಿ ಎಂಬತ್ತು ದಾಟಿದ ಅಮ್ಮ ಆ ಒಂದೇ ದೃಶ್ಯವನ್ನು ಆಡಿದ್ದರು. ತಮ್ಮನ ಪಾತ್ರಕ್ಕೆ ಯಾರೂ ಇರಲಿಲ್ಲ, ಅವರೆದುರು ಖಾಲಿ ಕುರ್ಚಿ ಇಟ್ಟಿದ್ದರು.

ನಮ್ಮ ಕನ್ನಡ ಬಳಗಕ್ಕೆ ಪ್ರತಿ ನವೆಂಬರಿನಲ್ಲಿ ರಾಜ್ಯೋತ್ಸವಕ್ಕೊಂದು ನಾಟಕ ಬೇಕಿತ್ತು. ಇದನ್ನು ಕನ್ನಡಕ್ಕೆ ತರೋಣವೇ ಎಂದು ನಾನೇ ಕೇಳಿದೆ. ಹೆಸ್ಟರ್ ಪುಸ್ತಕದ ಹಿಂದಿನ ಹಾಳೆಗಳನ್ನು ಮತ್ತೆ ತಿರುವಿದಳು. ಆಮೇಲೆ, "ಅಮ್ಮನ ಪಟ್ಟಿಗೆ ಇನ್ನೊಂದು ಊರು ಸೇರತ್ತೆ ಹಾಗಾದರೆ" ಎಂದಳು.

ಜುಲೈ, ಆಗಸ್ಟ್ ಪೂರ್ತಿ ನಮ್ಮ ಮನೆಯ ಊಟದ ಮೇಜಿನ ಮೇಲೆ ಆ ಕೆಲಸ ನಡೆಯಿತು. ಹೊರಗೆ ಸುಡುವ ಬಿಸಿಲು, ಸಿಕಾಡ ಹುಳುಗಳ ಕಿರುಚಾಟ. ಹೆಸ್ಟರ್ ಮೊದಲು ಆಫ್ರಿಕಾನ್ಸಿನಲ್ಲಿ ಗಟ್ಟಿಯಾಗಿ ಓದುತ್ತಿದ್ದಳು, ಆಮೇಲೆ ಇಂಗ್ಲಿಷಿನಲ್ಲಿ ಅರ್ಥ ಹೇಳುತ್ತಿದ್ದಳು, ನಾನು ಕನ್ನಡದಲ್ಲಿ ಬರೆದು ಓದಿ ತೋರಿಸುತ್ತಿದ್ದೆ. ಕನ್ನಡ ಬಾರದಿದ್ದರೂ ಆಕೆ ಕಿವಿಯಲ್ಲೇ ತಪ್ಪು ಹಿಡಿಯುತ್ತಿದ್ದಳು. ಇಲ್ಲಿ ಜನ ನಗಬೇಕು, ನಗು ಬರುವ ಪದ ಕೊನೆಗೇ ಬರಬೇಕು, ನೀನು ಅದನ್ನು ನಡುವೆ ಹೂತಿದ್ದೀಯ ಎನ್ನುತ್ತಿದ್ದಳು. ಆಕೆಯ ಭಾಷೆಯಲ್ಲೂ ಎಷ್ಟೋ ವಾಕ್ಯಗಳಲ್ಲಿ ಕ್ರಿಯಾಪದ ಕೊನೆಗೇ ಬೀಳುತ್ತದೆಂದು ತಿಳಿದ ದಿನ ನಾವಿಬ್ಬರೂ ಸಣ್ಣ ಹುಡುಗಿಯರ ಹಾಗೆ ಖುಷಿಪಟ್ಟೆವು. ಇಂಗ್ಲಿಷಿನಲ್ಲಿ ಸತ್ತು ಬಿದ್ದಿದ್ದ ನಗು ಕನ್ನಡದಲ್ಲಿ ಎದ್ದು ಕೂತಿತು. ನನ್ನ ಸಾಹುಕಾರನನ್ನು ನಾನು ಮೈಸೂರಿನ ರೇಷ್ಮೆ ವ್ಯಾಪಾರಿ ಮಾಡಿದೆ. "ನೋಡು, ಉಣ್ಣೆಯಿಂದ ಮತ್ತೆ ರೇಷ್ಮೆಗೇ ಬಂದ" ಎಂದು ಹೆಸ್ಟರ್ ನಕ್ಕಳು. ನಾಟಕಕ್ಕೆ 'ಕಿವಿ ಕೇಳದ ಸಾಹುಕಾರ' ಎಂದು ಹೆಸರಿಟ್ಟೆವು.

ಆ ಮೇಜಿನ ಮುಂದೆಯೇ ಒಂದು ದಿನ ಏಬ್ರಹಾಮನ ವಿಷಯ ಹೇಳಿದಳು. ಅವನು ಕಂಪನಿಯ ಲಾರಿ ಓಡಿಸುತ್ತಿದ್ದವನು. ಬಿಳಿಯರಲ್ಲದವರು ಸಭಾಂಗಣದಲ್ಲಿ ಕೂರುವಂತಿಲ್ಲದ ಕಾಲ ಅದು. ಅವನು ಪರದೆ ಕಟ್ಟಿ, ಕುರ್ಚಿ ಜೋಡಿಸಿ, ಆಟ ಮುಗಿಯುವವರೆಗೆ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತಿರುತ್ತಿದ್ದ. ಕೇಳಿ ಕೇಳಿ ಇಡೀ ನಾಟಕ ಬಾಯಿಪಾಠವಾಗಿತ್ತು. ಒಂದು ಊರಿನಲ್ಲಿ ಪ್ರಾಂಪ್ಟರಿಗೆ ಜ್ವರ ಬಂದಾಗ ಅವನೇ ಪರದೆಯ ಹಿಂದೆ ನಿಂತು ಮಾತು ಎತ್ತಿಕೊಟ್ಟ. ಆಮೇಲೆ ವರ್ಷಗಟ್ಟಲೆ ಅವನೇ ಆ ಕೆಲಸ ಮಾಡಿದ. ನೋಡುವವರಿಗೆ ಗೊತ್ತೇ ಇರಲಿಲ್ಲ.

"ಅಮ್ಮ ಪ್ರತಿಯೊಬ್ಬರ ಹೆಸರನ್ನೂ ಬರೆದಿದ್ದಾಳೆ, ಟಿಕೆಟ್ ಹರಿಯೋನ ಹೆಸರೂ ಇದೆ. ಏಬ್ರಹಾಮನ ಹೆಸರಿಲ್ಲ" ಎಂದಳು ಹೆಸ್ಟರ್. "ಮಾಲಿನಿ, ಅಮ್ಮ ಒಳ್ಳೆಯವಳು. ದಿನಾ ನೋಡ್ತಿದ್ದಳು. ಒಂದು ದಿನವೂ ಬಾಯಿ ಬಿಡಲಿಲ್ಲ."

ಪಟ್ಟಿಯ ಪಕ್ಕದಲ್ಲಿ ಹೊಸ ಪೆನ್ಸಿಲಿನಲ್ಲಿ ಆ ಹೆಸರು ಸೇರಿಸಿದ್ದು ಕಾಣಿಸಿತು. ಅದು ಹೆಸ್ಟರಳ ಅಕ್ಷರ. ನಾನು ಆಕೆಯ ಕೈ ಹಿಡಿದುಕೊಂಡೆ. ಆ ಕಾಲದವರು ಎಂಥವರಪ್ಪಾ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಸೆಪ್ಟೆಂಬರಿನಲ್ಲಿ ತಾಲೀಮು ಶುರುವಾಯಿತು. ಓಜಿಮಾದ ವಸತಿ ಸಮುಚ್ಚಯದ ಮೀಟಿಂಗ್ ರೂಮು ಭಾನುವಾರ ಎರಡರಿಂದ ಐದರವರೆಗೆ ನಮ್ಮದು. ಸಾಹುಕಾರನ ಪಾತ್ರಕ್ಕೆ ಸತೀಶ ಸಿಕ್ಕಿದ. ಕನಗಾವಾದಲ್ಲಿ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಇಂಜಿನಿಯರು, ಬೆಂಗಳೂರಿನಲ್ಲಿದ್ದಾಗ ನಾಟಕದ ಹುಚ್ಚು ಹಿಡಿಸಿಕೊಂಡವನು. ಎರಡು ಗಂಟೆ ರೈಲಿನಲ್ಲಿ ಕೂತು ತಪ್ಪದೆ ಬರುತ್ತಿದ್ದ. ಡಾಕ್ಟರಿನ ಪಾತ್ರ ರವೀಂದ್ರರದು. ಅಕ್ಕನ ಪಾತ್ರಕ್ಕೆ ಒಪ್ಪಿದ್ದವರ ಗಂಡನಿಗೆ ಒಸಾಕಾಗೆ ವರ್ಗವಾಗಿ ಅವರು ಹೊರಟುಹೋದರು. ಯಾರನ್ನು ಹಾಕುವುದೆಂದು ನಾನು ತಲೆ ಕೆಡಿಸಿಕೊಂಡಿದ್ದಾಗ ಸತೀಶನೇ ಹೇಳಿದ: "ಮೇಡಂ, ಹೆಸ್ಟರ್ ಅವ್ರೇ ಇದಾರಲ್ಲ. ಹನ್ನೊಂದು ಡೈಲಾಗ್ ತಾನೇ?"

ಮೂಲೆಯಲ್ಲಿ ಕೂತು ಪುಸ್ತಕ ನೋಡುತ್ತಿದ್ದ ಹೆಸ್ಟರಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಆಕೆಯ ಮುಖ ಕೆಂಪಗಾಯಿತು. ಹುಟ್ಟಿದಾರಭ್ಯ ರಂಗಸ್ಥಳದ ಪಕ್ಕದಲ್ಲೇ ಬೆಳೆದವಳು, ಒಮ್ಮೆಯೂ ಮೇಲೆ ಹತ್ತಿರಲಿಲ್ಲ. ಬಹಳ ಎತ್ತರ, ಬಹಳ ನಾಚಿಕೆ ಎಂದು ಅಮ್ಮನೇ ಬೇಡವೆಂದಿದ್ದರಂತೆ. ಕಲಿಯುತ್ತೇನೆ, ಆದರೆ ನನಗಾಗಿ ಸುಳ್ಳು ಹೊಗಳಬಾರದು, ಚೆನ್ನಾಗಿಲ್ಲದಿದ್ದರೆ ಹೇಳಬೇಕು, ಎಂದು ನನ್ನಿಂದ ಮಾತು ತೆಗೆದುಕೊಂಡಳು. ಕೊಟ್ಟೆ.

ಹನ್ನೊಂದು ಮಾತನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆದುಕೊಟ್ಟೆ. ಮೊದಲ ದಿನ "ಗೊತ್ತಾಯ್ತು" ಎನ್ನುವುದನ್ನು ಗಂಟಲು ಕೆರೆದು "ಖೊತ್ತಾಯ್ತು" ಎಂದಳು. ಎಲ್ಲರೂ ನಕ್ಕರು, ಆಕೆಯೂ ನಕ್ಕಳು. ಅವಳ ಭಾಷೆಯಲ್ಲಿ ಆ ಅಕ್ಷರದ ಸದ್ದೇ ಹಾಗೆ. ಮರುವಾರ ತನ್ನದೇ ಕಾಗುಣಿತದಲ್ಲಿ ಎಲ್ಲವನ್ನೂ ಬರೆದುಕೊಂಡು ಬಂದಳು, 'ಗ' ಸರಿಹೋಯಿತು. 'ಳ' ಮಾತ್ರ ಹೋಗಲಿಲ್ಲ. ಚಳಿ ಎನ್ನುವುದು ಚಲಿಯೇ. ಇನ್ನೂ ಮಾಸ್ಕಿನ ಕಾಲ. ತುಟಿ ನೋಡದೆ ಕಲಿಯುವುದು ಕಷ್ಟವೆಂದು ಶಾಲೆಯ ಊಟದ ಬಿಡುವಿನಲ್ಲಿ ನನ್ನನ್ನು ಅಂಗಳಕ್ಕೆ ಕರೆದೊಯ್ದು, ದೂರ ನಿಂತು, ಮಾಸ್ಕ್ ಇಳಿಸಿ ಹೇಳಿಸಿಕೊಳ್ಳುತ್ತಿದ್ದಳು.

ಆ ದೃಶ್ಯವನ್ನು ಇಲ್ಲಿ ಹೇಳಲೇಬೇಕು. ತಮ್ಮ ಆಕೆಯ ಕಾಲ ಬಳಿ ಕೂತು, "ಅಕ್ಕಾ, ನನಗೆ ಕಿವಿ ಚೆನ್ನಾಗೇ ಕೇಳತ್ತೆ. ಎಲ್ಲರಿಗೂ ಮೋಸ ಮಾಡ್ದೆ" ಎನ್ನುತ್ತಾನೆ. ಅಕ್ಕ, "ಹೂಂ, ಚಳಿ ಜಾಸ್ತೀನೇ. ಶಾಲು ಹೊದ್ಕೋ" ಎನ್ನುತ್ತಾಳೆ. ಹೀಗೇ ಒಂದಕ್ಕೊಂದು ಸಂಬಂಧವಿಲ್ಲದೆ ಹೋಗಿ, ಕೊನೆಗೆ ಆಕೆ ಅವನ ಗಲ್ಲ ಹಿಡಿದು ಹನ್ನೊಂದನೆಯ ಮಾತು ಹೇಳುತ್ತಾಳೆ: "ನೀನು ಹೇಳಿದ್ದು ಒಂದೂ ಕೇಳಿಸಲಿಲ್ಲ ಕಣೋ. ಹೆದರಿದೀಯ ಅಂತ ಮಾತ್ರ ಗೊತ್ತಾಯ್ತು."

ಅಕ್ಟೋಬರ್ ಮಧ್ಯದ ಒಂದು ಭಾನುವಾರ ಹೆಸ್ಟರ್ ಇದನ್ನು ಹೇಳಿದಾಗ ಸತೀಶನ ಕಣ್ಣಲ್ಲಿ ನೀರು ಬಂದದ್ದನ್ನು ನಾನು ಕಂಡಿದ್ದೇನೆ. ಚೆನ್ನಾಗಿತ್ತು. 'ಳ' ಇರಲಿಲ್ಲ, ಆದರೂ ಚೆನ್ನಾಗಿತ್ತು.

ಅದರ ಮುಂದಿನ ವಾರ ಬಳಗದ ಹತ್ತಾರು ಜನ ತಾಲೀಮು ನೋಡಲು ಬಂದರು. ಹೆಸ್ಟರ್ ಬಾಯಿ ತೆರೆದದ್ದೇ ಹಿಂದಿನಿಂದ ಕಿಸಕ್ಕೆಂದು ನಗು ಎದ್ದಿತು. ನಗಬಾರದ ಜಾಗದಲ್ಲಿ ನಕ್ಕರು. ಚಹಾ ಹೊತ್ತಿನಲ್ಲಿ ಒಬ್ಬರು ನನ್ನ ಪಕ್ಕ ಬಂದು, ನಾಟಕ ತುಂಬಾ ಚೆನ್ನಾಗಿದೆ, ಕೊನೆ ಒಂದು ಮಾತ್ರ ಸ್ಕೂಲ್ ಡೇ ಥರ ಆಗೋಯ್ತು ಎಂದರು. ನಾನು ನಕ್ಕು ಸುಮ್ಮನಾದೆ. ಆ ಮಾತು ನನ್ನೊಳಗೆ ಮುಳ್ಳಿನ ಹಾಗೆ ಕೂತಿತು. ಆಮಂತ್ರಣ ಪತ್ರಿಕೆಯಲ್ಲಿ 'ಕನ್ನಡಕ್ಕೆ: ಮಾಲಿನಿ ರವೀಂದ್ರ' ಎಂದು ಅಚ್ಚಾಗಿತ್ತು. ನನ್ನ ಹೆಸರು ಅಚ್ಚಾದದ್ದು ಅದೇ ಮೊದಲು. ಮೈಸೂರಿನ ಅಣ್ಣನಿಗೆ, ಕಾಲೇಜಿನ ಮೇಷ್ಟರಿಗೆ ಎಲ್ಲ ಫೋಟೋ ತೆಗೆದು ಕಳಿಸಿದ್ದೆ. ಪತ್ರಿಕೆಯಲ್ಲಿ ಹೆಸ್ಟರಳ ಹೆಸರು ಪಾತ್ರವರ್ಗದ ಕೊನೆಯಲ್ಲಿ ಒಮ್ಮೆ ಮಾತ್ರ ಇತ್ತು.

ನಾಟಕಕ್ಕೆ ನಾಲ್ಕು ದಿನ ಇರುವಾಗ ಬಳಗದ ಕಾರ್ಯದರ್ಶಿ ಶ್ರೀಕಾಂತ್ ಫೋನ್ ಮಾಡಿದರು. ಸಭಾಂಗಣವನ್ನು ಐದಕ್ಕೆ ಸರಿಯಾಗಿ ಬಿಟ್ಟುಕೊಡಬೇಕು, ಮುಖ್ಯ ಅತಿಥಿಗಳ ಭಾಷಣ ಉದ್ದವಾಗಬಹುದು, ಯಾವುದಕ್ಕೂ ನಾಟಕ ಏಳೆಂಟು ನಿಮಿಷ ಕಡಿಮೆಯಾದರೆ ಒಳ್ಳೆಯದು ಎಂದರು. ತುಂಬ ಸಂಕೋಚದ ಮನುಷ್ಯ. "ಡಾಕ್ಟರ್ ಸೀನಾದ್ರೂ ತೆಗೀಬಹುದು, ಇಲ್ಲ ಅಕ್ಕನ ಸೀನು. ನಿಮಗೇ ಬಿಟ್ಟಿದ್ದು ಮೇಡಂ. ಎರಡೂ ಇರಲೇಬೇಕು ಅಂದ್ರೆ ನಾನು ಡ್ಯಾನ್ಸ್‌ನೋರ ಹತ್ರ ಕೇಳಿ ನೋಡ್ತೀನಿ."

ಡಾಕ್ಟರಿನ ದೃಶ್ಯದಲ್ಲಿ ಮೂಲದಲ್ಲಿಲ್ಲದ ಎಷ್ಟೋ ಮಾತು ನಾನೇ ಸೇರಿಸಿದ್ದೆ. ತಾಲೀಮಿನಲ್ಲಿ ಎಲ್ಲಕ್ಕಿಂತ ಹೆಚ್ಚು ನಗು ಬಂದದ್ದು ಅಲ್ಲಿಯೇ. ನಾನು ಒಂದು ನಿಮಿಷವೂ ಯೋಚಿಸಲಿಲ್ಲ.

"ಅಕ್ಕನ ಸೀನು ತೆಗೆಯೋಣ" ಎಂದೆ.

"ಹೆಸ್ಟರ್ ಅವ್ರಿಗೆ ನೀವೇ ಹೇಳ್ತೀರಲ್ವಾ?"

"ನಾನೇ ಹೇಳ್ತೀನಿ."

ಹೇಳಲಿಲ್ಲ. ಗುರುವಾರ, ಶುಕ್ರವಾರ ಎರಡೂ ದಿನ ಅಂಗಳದಲ್ಲಿ ಆಕೆಯ ಹನ್ನೊಂದು ಮಾತು ಕೇಳಿಸಿಕೊಂಡೆ. ಶುಕ್ರವಾರ ಆಕೆ ಮೊದಲ ಸಲ 'ಚಳಿ' ಎಂದಳು, ಸ್ಪಷ್ಟವಾಗಿ, ನಾಲಿಗೆ ಮಡಿಚಿ. ಸ್ವತಃ ಬೆರಗಾಗಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ನಾನು ಚಪ್ಪಾಳೆ ತಟ್ಟಿದೆ. ಇಷ್ಟು ಮಾಡುವ ಧೈರ್ಯ ನನಗೆ ಎಲ್ಲಿಂದ ಬಂತೋ, ಇವತ್ತಿಗೂ ತಿಳಿಯದು.

ಸತೀಶನಿಗೆ ಶನಿವಾರ ಫೋನಿನಲ್ಲಿ ತಿಳಿಸಿದೆ. ಅವನು ಒಪ್ಪಲಿಲ್ಲ. "ಅಕ್ಕ ಬರದೇ ಸಾಹುಕಾರ ಯಾಕೆ ಬದಲಾಗ್ತಾನೆ ಮೇಡಂ? ಅದಿಲ್ದೆ ನಾಟಕಾನೇ ಇಲ್ಲ" ಎಂದ. ಕಮಿಟಿಯವರ ತೀರ್ಮಾನ, ನಾನೇನು ಮಾಡಲಿ ಎಂದೆ. ಅವನು ಸರಿ ಎಂದು ಫೋನ್ ಇಟ್ಟ. ರವೀಂದ್ರರಿಗೂ ಅದನ್ನೇ ಹೇಳಿದ್ದೆ.

ಭಾನುವಾರ ಮಧ್ಯಾಹ್ನ ಹನ್ನೆರಡೂವರೆಗೆ ಹೆಸ್ಟರ್ ಬಂದಳು. ಮನೆಯಲ್ಲೇ ಸೀರೆ ಉಟ್ಟುಕೊಂಡು ಬಂದಿದ್ದಳು. ಮೇಲಿನ ಮಹಡಿಯ ತಮಿಳು ಹೆಂಗಸಿನಿಂದ ಎರಡು ವಾರ ಕಲಿತಿದ್ದಳಂತೆ. ನಾನು ಕೊಟ್ಟಿದ್ದ ಕಂದು ಬಣ್ಣದ ಕಾಟನ್ ಸೀರೆ ಆಕೆಯ ಎತ್ತರಕ್ಕೆ ಸಾಲದೆ ಕಣಕಾಲು ಕಾಣುತ್ತಿತ್ತು. ಕೂದಲಿಗೆ ಹಿಟ್ಟು ಉದುರಿಸಿ ತುರುಬು ಕಟ್ಟಿದ್ದಳು. ಆ ಮೇಣದ ವಾಸನೆಯ ಕೋಣೆಯಲ್ಲಿ ಕನ್ನಡಿಯ ಮುಂದೆ ಕೂತು ತುಟಿಯೊಳಗೇ ಮಾತು ಹೇಳಿಕೊಳ್ಳುತ್ತಿದ್ದಳು.

ನಾನು ಬಾಗಿಲು ಮುಚ್ಚಿ ಹೇಳಿದೆ: "ಹೆಸ್ಟರ್, ಕಮಿಟಿಯವರು ಸಮಯ ಇಲ್ಲ ಅಂತಿದ್ದಾರೆ. ನಿನ್ನ ಸೀನು ತೆಗೆದಿದ್ದಾರೆ."

ಕನ್ನಡಿಯಲ್ಲೇ ನನ್ನನ್ನು ನೋಡಿದಳು. "ಪೂರ್ತಿನಾ?"

"ಪೂರ್ತಿ."

"ಯಾವಾಗ ಗೊತ್ತಾಯಿತು?"

"ಈಗ, ಬೆಳಿಗ್ಗೆ."

ಆಕೆ ತಲೆಯಾಡಿಸಿದಳು. ಸಮಯ ಎನ್ನುವುದು ಈ ಊರಿನಲ್ಲಿ ಹಾಗೇ ಅಲ್ಲವೇ ಎಂದು ನನಗೇ ಸಮಾಧಾನ ಹೇಳುವವಳ ಹಾಗೆ ಒಂದು ಮಾತು ಆಡಿದಳು. ಹಣೆಗಿಟ್ಟಿದ್ದ ದೊಡ್ಡ ಕುಂಕುಮದ ಬೊಟ್ಟನ್ನು ಟಿಶ್ಯೂ ಕಾಗದದಲ್ಲಿ ಒರೆಸಿಕೊಂಡಳು. ಸೀರೆ ಬಿಚ್ಚಿ ಹಾಕಿಕೊಳ್ಳಲು ಬೇರೆ ಬಟ್ಟೆ ತಂದಿರಲಿಲ್ಲ. ಸೀರೆಯ ಮೇಲೆಯೇ ಚಳಿಗಾಲದ ಕೋಟು ಹಾಕಿ, ಕುತ್ತಿಗೆಯವರೆಗೆ ಗುಂಡಿ ಹಾಕಿಕೊಂಡು, ಹೋಗಿ ನಾಲ್ಕನೇ ಸಾಲಿನಲ್ಲಿ ಕೂತಳು.

ನಾಟಕ ಗೆದ್ದಿತು. ಡಾಕ್ಟರಿನ ದೃಶ್ಯದಲ್ಲಿ ಜನ ಬಿದ್ದು ಬಿದ್ದು ನಕ್ಕರು. ಅದು ಮುಗಿದ ಮೇಲೆ ಸತೀಶ ನಾನು ತಿದ್ದಿ ಕೊಟ್ಟಿದ್ದ ಕೊನೆಯ ಮಾತು ಹೇಳಬೇಕಿತ್ತು. ಅವನು ಹೇಳಲಿಲ್ಲ. ಅಕ್ಕ ಬರಬೇಕಾಗಿದ್ದ ಬಲಗಡೆಯ ಕಡೆಗೆ ತಿರುಗಿ, ಸುಮ್ಮನೆ ನೋಡುತ್ತ ನಿಂತ. ಮರೆತನೇನೋ ಎಂದುಕೊಂಡೆ. ಸಭೆ ನಿಶ್ಶಬ್ದವಾಯಿತು. ಆಮೇಲೆ ತಗ್ಗಿದ ದನಿಯಲ್ಲಿ ಆ ಮಾತು ಹೇಳಿ ಮುಗಿಸಿದ. ಪರದೆ ಬಿತ್ತು. ಪಕ್ಕದಿಂದ ಇಣುಕಿ ನೋಡಿದೆ. ಹೆಸ್ಟರ್ ಎದ್ದು ನಿಂತು ಎಲ್ಲರ ಜೊತೆ ಚಪ್ಪಾಳೆ ತಟ್ಟುತ್ತಿದ್ದಳು. ತಲೆಯ ಹಿಟ್ಟು ಕೋಟಿನ ಭುಜದ ಮೇಲೆ ಉದುರಿತ್ತು.

ಮುಖ್ಯ ಅತಿಥಿಗಳು ಐದೇ ನಿಮಿಷ ಮಾತಾಡಿದರು. ಕಾರ್ಯಕ್ರಮ ಇಪ್ಪತ್ತು ನಿಮಿಷ ಮುಂಚೆ ಮುಗಿಯಿತು. ಉಳಿದ ಹೊತ್ತಿನಲ್ಲಿ ಗುಂಪು ಫೋಟೋ ತೆಗೆದರು, ಹೋಳಿಗೆ ಹಂಚಿದರು, ಜನ ನಿಂತು ಹರಟಿದರು. ಅಕ್ಕನ ದೃಶ್ಯಕ್ಕೆ ಬೇಕಾಗಿದ್ದದ್ದು ಏಳು ನಿಮಿಷ. ನನ್ನನ್ನು ಸುತ್ತುವರಿದು ಎಲ್ಲರೂ ಅಭಿನಂದಿಸುತ್ತಿದ್ದರು. ದೂರದಲ್ಲಿ ಶ್ರೀಕಾಂತ್ ಅವರು ಹೆಸ್ಟರಳ ಮುಂದೆ ನಿಂತು, ಜಪಾನೀಯರ ಹಾಗೆ ಬಾಗಿ ಬಾಗಿ ಏನೋ ಹೇಳುತ್ತಿದ್ದುದು ಕಂಡಿತು. ನಾನು ಅಲ್ಲಿಗೆ ಹೋಗುವಷ್ಟರಲ್ಲಿ ಆಕೆ ಹೊರಟುಹೋಗಿದ್ದಳು.

ಸೋಮವಾರ ಸ್ಟಾಫ್ ರೂಮಿನಲ್ಲಿ ಆಕೆಯೇ ಮೊದಲು ಮಾತಾಡಿಸಿದಳು. "ಕಂಗ್ರಾಜುಲೇಷನ್ಸ್, ಮಾಲಿನಿ ಸಾನ್."

ಜಪಾನೀ ಸಹೋದ್ಯೋಗಿಗಳನ್ನು ಮಾತ್ರ ನಾವು ಮರ್ಯಾದೆಗೆ ಸಾನ್ ಎನ್ನುತ್ತಿದ್ದದ್ದು. ನಮ್ಮನಮ್ಮಲ್ಲಿ ಹಾಗೆ ಕರೆದುಕೊಂಡವರಲ್ಲ. ತಮಾಷೆಗೆ ಅಂದಳೆಂದು ತಿಳಿದು ನಕ್ಕೆ. ಮರುದಿನವೂ ಸಾನ್. ಅದರ ಮರುದಿನವೂ. ಸೀರೆಯನ್ನು ಒಗೆದು, ಇಸ್ತ್ರಿ ಮಾಡಿಸಿ, ಒಂದು ಡಬ್ಬಿ ಬಿಸ್ಕತ್ತಿನ ಜೊತೆ ವಾಪಸು ಕೊಟ್ಟಳು. ಪ್ರಿಂಟರಿನಲ್ಲಿ ಕಾಗದ ಮುಗಿದಿದೆ ಎನ್ನುವ ಮಾತುಗಳಿಗೆ ನಾವು ಮತ್ತೆ ಬಂದೆವು. ಎಲ್ಲಿಯೂ ಒಂದು ಕಟು ನುಡಿಯಿಲ್ಲ. ಊಟದ ಬಿಡುವಿನಲ್ಲಿ ನಾನು ಅಂಗಳಕ್ಕೆ ಹೋದರೆ ಆಕೆ ಒಳಗಿರುತ್ತಿದ್ದಳು. ಹೇಳಿಬಿಡಬೇಕೆಂದು ಎಷ್ಟೋ ಸಲ ಆಕೆಯ ಮೇಜಿನವರೆಗೆ ಹೋಗಿ, ಮಕ್ಕಳ ನೋಟ್‌ಬುಕ್ಕಿನ ವಿಷಯ ಕೇಳಿ ಹಿಂದಿರುಗಿದೆ. ಬಳಗದವರ ಮೇಲೆ ಬೇಸರ, ತಾನಾಗಿ ಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಆ ಚಳಿಗಾಲ ಬಹಳ ಉದ್ದವಾಗಿತ್ತು.

ಮಾರ್ಚಿನಲ್ಲಿ ಆಕೆ ಕೆಲಸ ಬಿಟ್ಟಳು. ಅಣ್ಣನಿಗೆ ಹುಷಾರಿಲ್ಲ, ಊರಿಗೆ ಹೋಗುತ್ತೇನೆ ಎಂದಳು. ಕೊನೆಯ ದಿನ ಸಾಮಾನು ಹಿಡಿದುಕೊಂಡು ಸ್ಟೇಷನ್ನಿನವರೆಗೆ ನಾನೂ ಹೋದೆ. ಪ್ಲಾಟ್‌ಫಾರ್ಮಿನಲ್ಲಿ ನಿಂತಾಗ, "ಆ ದಿನದ ವಿಷಯಕ್ಕೆ ನನಗೆ ತುಂಬಾ ಬೇಜಾರಿದೆ ಹೆಸ್ಟರ್" ಎಂದೆ. ಆಕೆ ಚೀಲ ಕೆಳಗಿಟ್ಟು ನನ್ನತ್ತ ಪೂರ್ತಿ ತಿರುಗಿದಳು. ಮುಂದೇನು ಎನ್ನುವಂತೆ ನೋಡಿದಳು. ನಾನು, "ಸಮಯವೇ ಇರಲಿಲ್ಲ ನೋಡು" ಎಂದುಬಿಟ್ಟೆ.

"ಹೌದು. ಸಮಯ" ಎಂದಳು. ರೈಲು ಬಂತು.

ಆಮೇಲೆ ನಾಟಕಕ್ಕೆ ಅದರದೇ ಹಾದಿ ಸಿಕ್ಕಿತು. ಯೊಕೊಹಾಮಾದಲ್ಲಿ ಒಮ್ಮೆ, ನಮಗೆ ನಗೋಯಾಗೆ ವರ್ಗವಾದ ಮೇಲೆ ಅಲ್ಲೊಮ್ಮೆ ಆಡಿದರು, ಎರಡೂ ಕಡೆ ಅಕ್ಕ ಇಲ್ಲದೆಯೇ. ಸತೀಶ ಬೆಂಗಳೂರಿಗೆ ಹಿಂದಿರುಗಿ ತನ್ನ ಹಳೆಯ ಗೆಳೆಯರ ಕೈಯಲ್ಲಿ ಪೂರ್ತಿ ನಾಟಕ ಮಾಡಿಸಿದ. ಅಕ್ಕನ ದೃಶ್ಯ ಇಡದಿದ್ದರೆ ಮಾಡುವುದೇ ಇಲ್ಲ ಎಂದಿದ್ದನಂತೆ. ಹೋದ ವರ್ಷ ರಜೆಗೆ ಹೋದಾಗ ಮೂರನೇ ಪ್ರಯೋಗ ನೋಡಿದೆ. ಎಪ್ಪತ್ತರ ಹತ್ತಿರದ ಒಬ್ಬ ನಟಿ ಆ ಹನ್ನೊಂದು ಮಾತು ಆಡಿದರು. ಜನ ನಗುತ್ತ ನಗುತ್ತ ಕಣ್ಣೊರೆಸಿಕೊಂಡರು. ನಾನು ಹಿಂದಿನ ಸಾಲಿನಲ್ಲಿ ಕೂತು, ಪ್ರತಿ ಮಾತಿಗೂ ಓಜಿಮಾದ ಆ ಕೋಣೆಯ ದನಿಯನ್ನೇ ಕೇಳುತ್ತಿದ್ದೆ.

ಆ ವಿಡಿಯೋವನ್ನು ಹೆಸ್ಟರಿಗೆ ಕಳಿಸಿದೆ. ತಿಂಗಳ ಮೇಲೆ ಉತ್ತರ ಬಂತು. ಮಾಲಿನಿ ಸಾನ್, ನೋಡಿದೆ, ಆ ಹಿರಿಯರು ಅಮ್ಮನಿಗೆ ಇಷ್ಟವಾಗುತ್ತಿದ್ದರು. ಕೊನೆಯ ಮಾತಿಗೆ ಮುಂಚೆ ಅವರು ಇನ್ನೂ ಸ್ವಲ್ಪ ತಡೆಯಬೇಕು, ದಯವಿಟ್ಟು ತಿಳಿಸಿ. ಇಷ್ಟೇ. ಸತೀಶನ ಮೂಲಕ ತಿಳಿಸಿದೆ. ಮುಂದಿನ ಪ್ರಯೋಗದಲ್ಲಿ ಅವರು ತಡೆದರಂತೆ, ಇಡೀ ಸಭೆ ಉಸಿರು ಬಿಗಿ ಹಿಡಿದು ಕೂತಿತ್ತಂತೆ.

ಅದನ್ನು ತಿಳಿಸಲೆಂದು ಈ ಏಪ್ರಿಲ್‌ನಲ್ಲಿ ಮತ್ತೆ ಬರೆಯಲು ಕೂತೆ. ಬರೆಯುತ್ತ ಬರೆಯುತ್ತ ಕೈ ನಿಲ್ಲಲಿಲ್ಲ. ಕಮಿಟಿಯವರು ನಿನ್ನ ದೃಶ್ಯ ತೆಗೆಯಲಿಲ್ಲ, ಆರಿಸಲು ನನಗೆ ಬಿಟ್ಟಿದ್ದರು, ನಾನು ನಿನ್ನದನ್ನು ತೆಗೆದೆ, ಬೆಳಿಗ್ಗೆ ಅಲ್ಲ, ನಾಲ್ಕು ದಿನ ಮೊದಲೇ. ನಿನ್ನ ಮಾತು ಚೆನ್ನಾಗಿತ್ತು. ಜನ ನಗುತ್ತಾರೆ, ನನ್ನ ಹೆಸರು ಕೆಡುತ್ತದೆ ಎಂದು ಹೆದರಿದೆ. ಎಲ್ಲವನ್ನೂ ಬರೆದು, ಮತ್ತೆ ಓದಿ ನೋಡದೆ ಕಳಿಸಿದೆ.

ಉತ್ತರ ಅದೇ ದಿನ ಸಂಜೆ ಬಂತು. ಇಂಗ್ಲಿಷಿನಲ್ಲಿ ಎರಡೇ ಸಾಲು.

"ಶ್ರೀಕಾಂತ್ ಅವರು ಅವತ್ತೇ ಕ್ಷಮೆ ಕೇಳುತ್ತಾ ಎಲ್ಲ ಹೇಳಿದ್ದರು. ನೀನು ಹೇಳ್ತೀಯ ಅಂತ ನಾನು ಮಾರ್ಚ್‌ವರೆಗೂ ಕಾದೆ."